ಗಾಳಿಯ ಗಂಧಕ ತೋಟಕ್ಕೆ ಸಾಲುತ್ತದೆಯೇ?

"ಗಾಳಿಯಲ್ಲೇ ಗಂಧಕ ಇದೆಯಂತಲ್ಲ ಸಾರ್, ಮತ್ತೆ ತೋಟಕ್ಕೆ ಬೇರೆ ಯಾಕೆ ಕೊಡಬೇಕು?" ಮಣ್ಣು ಪರೀಕ್ಷೆಯ ವರದಿ ಹಿಡಿದು ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರು ಕೇಳುವ ಮಾತಿದು. ನ್ಯಾಯವಾದ ಪ್ರಶ್ನೆ.

ಗಂಧಕ ಗಾಳಿಗೆ ಸೇರುವುದನ್ನು ನಮ್ಮ ತೋಟದಲ್ಲೇ ನೋಡಬಹುದು. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ನೀರು ನಿಂತ ಗುಂಡಿಯ ಹತ್ತಿರ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ನೀರು ಬಸಿಯದ ಗದ್ದೆಯಲ್ಲಿ ಭತ್ತದ ಒಂದು ಬುಡ ಕಿತ್ತರೆ ಬೇರು ಕಪ್ಪಗಿರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು (ನೀರಿನಲ್ಲಿ ಕರಗುವ ಗಂಧಕದ ರೂಪ) ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ಮಾಡುತ್ತವೆ. ಒಂದಷ್ಟು ಕಬ್ಬಿಣದೊಂದಿಗೆ ಸೇರಿ ಬೇರಿಗೆ ಕಪ್ಪಾಗಿ ಅಂಟುತ್ತದೆ, ಒಂದಷ್ಟು ಗಾಳಿಗೆ ಹೋಗುತ್ತದೆ.

ಕಡಲಿನದು ಇದಕ್ಕಿಂತ ದೊಡ್ಡ ಮೂಲ. ಅಲ್ಲಿನ ಸೂಕ್ಷ್ಮ ಪಾಚಿಗಳಿಂದ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಅನಿಲ ಹೊರಬಂದು, ಗಾಳಿಯಲ್ಲಿ ಸಲ್ಫೇಟ್ ಕಣವಾಗಿ, ಮೋಡದ ಹನಿ ಕಟ್ಟಲು ನೆರವಾಗುತ್ತದೆ. ಶಿರಾಡಿ, ಚಾರ್ಮಾಡಿ ಹತ್ತಿ ಬರುವ ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಈ ಪಾಲೂ ಇದೆ. ಜ್ವಾಲಾಮುಖಿಗಳದು ಬೇರೆ ಲೆಕ್ಕ: 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಉಗುಳಿದ ಗಂಧಕದ ಅನಿಲ ಸಲ್ಫರ್ ಡೈಆಕ್ಸೈಡ್‌ನಿಂದ ಭೂಮಿಯ ಸರಾಸರಿ ತಾಪವೇ ಸುಮಾರು ಅರ್ಧ ಡಿಗ್ರಿ ಇಳಿದಿತ್ತು.

ಇವೆಲ್ಲಕ್ಕಿಂತ ಮನುಷ್ಯರು ಸೇರಿಸುವುದೇ ಹೆಚ್ಚು. ಮುಖ್ಯವಾಗಿ ಕಲ್ಲಿದ್ದಲು, ಜೊತೆಗೆ ತಾಮ್ರದಂಥ ಲೋಹದ ಅದಿರು ಕರಗಿಸುವ ಕಾರ್ಖಾನೆಗಳು, ಹಡಗುಗಳು. ಹಡಗಿನ ಇಂಧನದಲ್ಲಿ ಶೇ 3.5ರಷ್ಟಿದ್ದ ಗಂಧಕದ ಮಿತಿ 2020ರಲ್ಲಿ ಶೇ 0.5ಕ್ಕೆ ಇಳಿಯಿತು. ಅದೇ ವರ್ಷ ವಾಹನಗಳ ಹೊಗೆಯ ನಿಯಮ ಬಿಎಸ್-6 ಬಂದು ನಮ್ಮ ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಇದ್ದದ್ದು 10 ಆಯಿತು. ಒಳ್ಳೆಯದೇ ಆಯಿತು. ಈ ಹೊಗೆ ಶ್ವಾಸಕೋಶಕ್ಕೆ ಕೆಡುಕು, ಮಳೆಯನ್ನು ಆಮ್ಲ ಮಾಡುತ್ತದೆ. ಅದು ಬೆಳೆಗೆ ಗೊಬ್ಬರವಾಗಲಿ ಎಂದು ಯಾರೂ ಆಸೆಪಡಬಾರದು. ಯುರೋಪಿನಲ್ಲಿ ಗಾಳಿ ಶುದ್ಧವಾದ ಮೇಲೆ ಸಾಸಿವೆ ಜಾತಿಯ ಬೆಳೆಗಳಿಗೆ ರೈತರು ಗಂಧಕವನ್ನು ಕೈಯಾರೆ ಕೊಡಬೇಕಾಗಿ ಬಂತು.

ನಮ್ಮಲ್ಲಿ ಮಳೆ ತಂದದ್ದನ್ನು ಮಳೆಯೇ ಒಯ್ಯುತ್ತದೆ. ಸಲ್ಫೇಟ್ ನೀರಿನ ಜೊತೆ ಬೇರಿನ ಆಚೆ ಇಳಿದುಹೋಗುತ್ತದೆ. ಮೊದಲು ಸೂಪರ್ ಫಾಸ್ಫೇಟ್ ಹಾಕುವಾಗ ಅದರಲ್ಲೇ ಶೇ 11ರಷ್ಟು ಗಂಧಕ ಸಿಗುತ್ತಿತ್ತು. ಗಂಧಕವಿಲ್ಲದ ಡಿಎಪಿ ಗೊಬ್ಬರಕ್ಕೆ ಬದಲಾದವರಿಗೆ ಅದು ತಪ್ಪಿತು. ಹಳೆ ಎಲೆ ಹಸಿರಾಗಿದ್ದು ಚಿಗುರೆಲೆ ಹಳದಿಯಾದರೆ ಗಂಧಕದ ಕೊರತೆ ಇರಬಹುದು, ಯೂರಿಯಾ ಸುರಿಯಬೇಡಿ. ಮೊದಲು ವರದಿಯಲ್ಲಿ ಗಂಧಕದ ಸಾಲು ನೋಡಿ. 10 ಪಿಪಿಎಂಗಿಂತ ಕಡಿಮೆಯಿದ್ದರೆ, ಜೋರು ಮಳೆ ನಿಂತ ಮೇಲೆ ಸೂಪರ್ ಫಾಸ್ಫೇಟ್ ಕೊಡಿ. ಬರೀ ಗಂಧಕದ ಪುಡಿ ಬೇಡ, ಹುಳಿ ಮಣ್ಣು ಇನ್ನಷ್ಟು ಹುಳಿಯಾಗುತ್ತದೆ.