ಪಡಸಾಲೆಯಿಂದ ಹಿತ್ತಲಿಗೆ ವೈಫೈ: ಎರಡನೇ ಆಕ್ಸೆಸ್ ಪಾಯಿಂಟ್ ಕೂರಿಸುವಾಗ ಬರೆದಿಟ್ಟದ್ದು

ಗದಗ-ಬೆಟಗೇರಿಯ ನಮ್ಮದು ಹಳೆಯ ಮಾಳಿಗೆ ಮನೆ. ರೌಟರ್ ಪಡಸಾಲೆಯಲ್ಲಿ, ನಾನು ಓದುವ ಕೋಣೆ ಹಿತ್ತಲಿನ ಕಡೆ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಕಲ್ಲುಗೋಡೆ. ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುವ ಈ ಗೋಡೆಗಳೇ ವೈಫೈಗೆ ಅಡ್ಡಿ. ಮೊಬೈಲ್ ಆ್ಯಪ್‌ನಲ್ಲಿ ಅಳೆದರೆ ರೌಟರ್ ಪಕ್ಕದಲ್ಲಿ -40 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು), ನನ್ನ ಕೋಣೆಯಲ್ಲಿ -82. ಪ್ರತಿ 10 ಡಿಬಿ ಇಳಿದಾಗ ಸಿಗ್ನಲ್ಲಿನ ಬಲ ಹತ್ತನೇ ಒಂದು ಪಾಲಾಗುತ್ತದೆ. 42 ಡಿಬಿ ಇಳಿದಿದೆ ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲೂ ನನ್ನವರೆಗೆ ಬರುತ್ತಿಲ್ಲ. ವಿಡಿಯೊ ಕರೆ ತಡವರಿಸದೆ ನಡೆಯಲು -67ರ ಆಸುಪಾಸು ಬೇಕು.

ಮೊದಲು ರಿಪೀಟರ್ ತಂದು ದೇವರಮನೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಮೊಬೈಲಿನಲ್ಲಿ ಕಡ್ಡಿಗಳೇನೋ ತುಂಬಿದವು, ವೇಗ ಬರಲಿಲ್ಲ. ಒಂದೇ ರೇಡಿಯೊ ಇರುವ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಬೇಕು. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ಹೀಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಕ್ಸೆಸ್ ಪಾಯಿಂಟ್ ತಂತಿಯಲ್ಲಿ ಬಂದದ್ದನ್ನು ಗಾಳಿಗೆ ಬಿಡುತ್ತದೆ, ಅಷ್ಟೇ. ಆದ್ದರಿಂದ ನಿಜವಾದ ಕೆಲಸವಿರುವುದು ತಂತಿ ಎಳೆಯುವುದರಲ್ಲಿ.

ಗೋಡೆ ಕೊರೆಯಲು ಅಜ್ಜಿ ಒಪ್ಪಲಿಲ್ಲ. ಕೇಬಲ್ಲನ್ನು ಪಡಸಾಲೆಯ ಬೆಳಕಿಂಡಿಯಿಂದ ಮಾಳಿಗೆಗೆ ಹತ್ತಿಸಿ, ಪೈಪಿನೊಳಗೆ ಹಾಯಿಸಿ, ಹಿತ್ತಲ ಕೋಣೆಯ ಬೆಳಕಿಂಡಿಯಿಂದ ಇಳಿಸಿದೆ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ಒಯ್ಯುತ್ತದೆ, ಮನೆಗೆ ಬೇಕಾದಷ್ಟಾಯಿತು. ಅಪ್ಪಟ ತಾಮ್ರದ್ದನ್ನೇ ಕೇಳಿ ತನ್ನಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಬಾಗಿಸಿದಲ್ಲಿ ಬೇಗ ಮುರಿಯುತ್ತದೆ.

ಹಿತ್ತಲಿಗೆ ಹಳೆಯ ರೌಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿದೆ. ನಾನು ಎಡವಿದ್ದು ಇಲ್ಲಿ: ಕೇಬಲ್ಲನ್ನು ವ್ಯಾನ್ (WAN) ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ ಒಳಬರುವ ಕಿಂಡಿಗೆ, ಚುಚ್ಚಿದೆ. ಆಗ ಅದು ತನ್ನದೇ ಬೇರೆ ಸಂಸಾರ, ಅಂದರೆ ಬೇರೆ ಜಾಲ, ಹೂಡಿತು. ಪಡಸಾಲೆಯ ಪ್ರಿಂಟರ್ ನನ್ನ ಮೊಬೈಲಿಗೆ ಕಾಣದಾಯಿತು. ಚುಚ್ಚಬೇಕಾದದ್ದು ಮನೆಯೊಳಗಿನ ಜಾಲಕ್ಕಿರುವ ಲ್ಯಾನ್ (LAN) ಪೋರ್ಟಿಗೆ. ಅದಕ್ಕೂ ಮೊದಲು ಹಳೆಯ ರೌಟರಿನ ಡಿಎಚ್‌ಸಿಪಿ ನಿಲ್ಲಿಸಬೇಕು, ಏಕೆಂದರೆ ಮೊಬೈಲು, ಪ್ರಿಂಟರುಗಳಿಗೆ ಜಾಲದ ವಿಳಾಸ ಹಂಚುವ ಯಜಮಾನ ಮನೆಗೆ ಒಬ್ಬನೇ ಇರಬೇಕು. ಮುಖ್ಯ ರೌಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಹಂಚಿಕೆಯ ಪಟ್ಟಿಯಿಂದ ಆ ವಿಳಾಸವನ್ನು ಹೊರಗಿಡಿ. ವೈಫೈ ಹೆಸರು, ಪಾಸ್‌ವರ್ಡ್, ಭದ್ರತಾ ಬಗೆ ಎರಡರಲ್ಲೂ ಒಂದೇ ಇರಲಿ.

ಚಾನೆಲ್ ಮಾತ್ರ ಬೇರೆ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ, ಸಿಗ್ನಲ್ಲಿನ ಅಗಲ ಸುಮಾರು 20. ಹಾಗಾಗಿಯೇ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ. ಪಡಸಾಲೆಗೆ 1, ಹಿತ್ತಲಿಗೆ 11 ಇಟ್ಟೆ. 6ನ್ನು ಪಕ್ಕದ ಮನೆಯವರು ಆಗಲೇ ಹಿಡಿದಿದ್ದರು.

ಇಷ್ಟಾದರೂ ಹಿತ್ತಲಿಗೆ ಹೋದ ಮೊಬೈಲ್ ಪಡಸಾಲೆಯ ಕ್ಷೀಣ ಸಿಗ್ನಲ್ಲಿಗೇ ಜೋತುಬಿದ್ದಿತ್ತು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಕೊನೆಗೆ ತೀರ್ಮಾನಿಸುವುದು ಮೊಬೈಲೇ ಹೊರತು ರೌಟರ್ ಅಲ್ಲ. ಮದ್ದು ಕೇಳಿದರೆ ನಗುತ್ತೀರಿ: ಪಡಸಾಲೆಯ ರೌಟರಿನ ಪ್ರಸಾರ ಬಲವನ್ನು ತಗ್ಗಿಸಿದೆ. ಹಳೆಯದು ಬೇಗ ಸೊರಗಿದಂತೆ ಕಂಡಾಗ ಮೊಬೈಲ್ ಬೇಗ ಹೊಸದನ್ನು ಹುಡುಕುತ್ತದೆ. ಈಗ ಕೋಣೆಯಲ್ಲಿ -55 ಸಿಗುತ್ತಿದೆ. ಮಾತನಾಡುತ್ತಾ ನಡೆದರೆ ದೇವರಮನೆಯ ಬಾಗಿಲಲ್ಲಿ ವಿಡಿಯೊ ಕರೆ ಒಂದು ಕ್ಷಣ ನಿಂತು ಮುಂದುವರಿಯುತ್ತದೆ. ಆ ಕ್ಷಣವನ್ನೂ ಕಳೆಯಲು 802.11ಆರ್ ಎಂಬ ವ್ಯವಸ್ಥೆಯಿದೆ. ನನ್ನ ಹಳೆಯ ರೌಟರಿನಲ್ಲಿ ಅದಿಲ್ಲ.