ಮೊಣಕಾಲಿನ ಸಂದು ಕ್ಯಾಲ್ಸಿಯಂನಿಂದ ತುಂಬುವುದಿಲ್ಲ

ಬಾಗಲಕೋಟೆಯಲ್ಲಿ ಎಲುಬಿನ ಡಾಕ್ಟರ್ ಆಗಿ ಕೂತವನು ದಿನಾ ಕೇಳುವ ಮಾತು ಇದು: ‘ಸರ್, ಮೊಣಕಾಲಿನ ಎಲುಬು ಸವದೈತ್ರಿ, ಚಲೋ ಕ್ಯಾಲ್ಸಿಯಂ ಗುಳಿಗಿ ಬರದು ಕೊಡ್ರಿ.’ ಎಕ್ಸ್‌ರೇ ಇನ್ನೂ ಕವರಿನಲ್ಲೇ ಇರುತ್ತದೆ. ರೋಗ, ಔಷಧಿ ಎರಡನ್ನೂ ಅವರೇ ಹೇಳಿಬಿಟ್ಟಿರುತ್ತಾರೆ.

ಇತ್ತೀಚೆಗೆ ಇಳಕಲ್ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಮಗ ಫಿಲ್ಮನ್ನು ಬೆಳಕಿಗೆ ಹಿಡಿದು ಎರಡು ಎಲುಬಿನ ನಡುವೆ ಬೆರಳಿಟ್ಟ. ‘ಇಲ್ಲಿ ಖಾಲಿ ಐತಲ್ರಿ. ಅವ್ವ ಗುಳಿಗಿ ತಪ್ಪಿಸಿಲ್ಲ, ಆದ್ರೂ ತುಂಬಿಲ್ರಿ.’ ಅವನು ತೋರಿಸಿದ್ದು ಮೊಣಕಾಲಿನ ಹೊರಬದಿ. ಅಲ್ಲಿ ಎಲ್ಲ ಸರಿಯಾಗಿಯೇ ಇತ್ತು! ತೊಂದರೆ ಇದ್ದದ್ದು ಒಳಬದಿಯಲ್ಲಿ, ಎರಡು ಎಲುಬು ತಾಗಿದಂತೆ ಕಾಣುವ ಕಡೆ.

ಆ ಕಪ್ಪು ಸಂದು ಖಾಲಿ ಜಾಗವಲ್ಲ. ಎಲುಬಿನ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ನುಣ್ಣನೆಯ ಪದರ ಇರುತ್ತದೆ. ಅದೇ ಕಾರ್ಟಿಲೇಜ್. ಅದರಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಉಳಿದದ್ದು ಹೆಚ್ಚಾಗಿ ಕೊಲಾಜನ್ ಎಳೆಗಳು ಮತ್ತು ನೀರನ್ನು ಹಿಡಿದಿಡುವ ಪ್ರೋಟೀನು. ಎಲುಬಿನಲ್ಲಿರುವಂತೆ ಕ್ಯಾಲ್ಸಿಯಂ ತುಂಬಿರುವುದಿಲ್ಲ, ಹಾಗಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಂದರೆ ಸಂದು ಕಾಣುತ್ತಿದ್ದರೆ ಪದರ ಇದೆ ಎಂದರ್ಥ. ಸಂದು ಮುಚ್ಚುತ್ತಾ ಬಂದರೆ ಪದರ ಸವೆಯುತ್ತಿದೆ. ಇದನ್ನು ನಾನು ಚೀಟಿಯ ಹಿಂದೆ ಚಿತ್ರ ಬರೆದು ಹೇಳುತ್ತೇನೆ. ಕೇಳಿ, ತಲೆಯಾಡಿಸಿ, ಬಾಗಿಲ ಹತ್ತಿರ ನಿಂತು ಮತ್ತೆ ಕೇಳುತ್ತಾರೆ: ‘ಹಂಗಾರ ಕ್ಯಾಲ್ಸಿಯಂ ಯಾವುದು ತಗೊಳ್ಳಲ್ರಿ?’

ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 99 ಭಾಗ ಇರುವುದು ಎಲುಬು ಮತ್ತು ಹಲ್ಲಿನಲ್ಲಿ. ಎಲುಬಿನೊಳಗೆ ರಕ್ತ ಓಡಾಡುತ್ತದೆ. ಹಳೆಯದನ್ನು ಕರಗಿಸುವ ಜೀವಕೋಶ ಒಂದು, ಹೊಸದನ್ನು ಕಟ್ಟುವ ಜೀವಕೋಶ ಇನ್ನೊಂದು, ಜೀವನವಿಡೀ ಅದೇ ಕೆಲಸ. ಅದಕ್ಕೇ ಕಬ್ಬಿನ ಟ್ರ್ಯಾಕ್ಟರ್‌ನಿಂದ ಬಿದ್ದು ಮುರಿದ ಕಾಲು ಕೂಡಿಕೊಳ್ಳುತ್ತದೆ. ವಿಚಿತ್ರ ನೋಡಿ, ಹಾಗೆ ಕೂಡುವಾಗ ಮುರಿದ ಜಾಗದಲ್ಲಿ ಸಾಮಾನ್ಯವಾಗಿ ಮೊದಲು ಬೆಳೆಯುವುದು ಕಾರ್ಟಿಲೇಜೇ. ಆಮೇಲೆ ಅದರ ಜಾಗದಲ್ಲಿ ಎಲುಬು ಬರುತ್ತದೆ. ಆದರೆ ಕೀಲಿನ ತುದಿಯ ಪದರಕ್ಕೆ ಆ ಭಾಗ್ಯವಿಲ್ಲ. ಅದಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಸವೆಯುವುದು ಬೇಗ ಗೊತ್ತಾಗುವುದಿಲ್ಲ. ಸವೆದ ಮೇಲೆ ಮೊದಲಿನಂತೆ ಬೆಳೆಯುವುದೂ ಇಲ್ಲ.

ಅದರ ಊಟ ಕೀಲಿನೊಳಗಿನ ನೀರು. ಭಾರ ಬಿದ್ದಾಗ ಪದರದಿಂದ ನೀರು ಹೊರಬರುತ್ತದೆ, ಭಾರ ಇಳಿದಾಗ ಒಳಗೆ ಹೋಗುತ್ತದೆ. ಓಡಾಟ ನಿಂತರೆ ಊಟವೂ ಕಡಿಮೆ. ಹಾಗಾಗಿ ‘ನೋವು ಬಂತು’ ಎಂದು ಸುಮ್ನೆ ಹಾಸಿಗೆ ಹಿಡಿಯಬೇಡಿ. ಸಮತಟ್ಟು ದಾರಿಯಲ್ಲಿ ನಡೆಯಿರಿ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ತೊಡೆಯ ಸ್ನಾಯು ಬಿಗಿ ಮಾಡಿ. ತೂಕ ಜಾಸ್ತಿ ಇದ್ದರೆ ಇಳಿಸಿ. ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸಕ್ಕೆ ಮಣೆಯೋ ಸ್ಟೂಲೋ ಇರಲಿ. ಮೊಣಕಾಲು ಬಾತು, ಬಿಸಿಯಾಗಿ, ಜ್ವರವೂ ಬಂದಿದ್ದರೆ ಮಾತ್ರ ಇದೆಲ್ಲ ಬಿಟ್ಟು ಅವತ್ತೇ ಡಾಕ್ಟರಿಗೆ ತೋರಿಸಿ.

ಹಾಗಂತ ಕ್ಯಾಲ್ಸಿಯಂ ಬೇಡವೆಂದು ನಾನು ಹೇಳಿದೆ ಅಂತ ಊರೆಲ್ಲ ಹೇಳಬೇಡಿ. ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ, ವಯಸ್ಸಾದವರಲ್ಲಿ ಎಲುಬು ಟೊಳ್ಳಾಗುವುದು ಬೇರೆಯೇ ರೋಗ. ಅಲ್ಲಿ ಅದು ಬೇಕಾಗಬಹುದು, ವಿಟಮಿನ್ ಡಿ ಕೂಡ. ನಿಮ್ಮ ಡಾಕ್ಟರ್ ಅದಕ್ಕಾಗಿ ಬರೆದಿದ್ದರೆ ನಿಲ್ಲಿಸಬೇಡಿ. ಕಿಡ್ನಿಯಲ್ಲಿ ಹರಳು ಆಗಿದ್ದವರು ಮಾತ್ರ ಮೆಡಿಕಲ್ ಅಂಗಡಿಯಲ್ಲಿ ತಾವೇ ಕೇಳಿ ತೆಗೆದುಕೊಳ್ಳುವ ಮೊದಲು ಒಮ್ಮೆ ಡಾಕ್ಟರನ್ನು ಕೇಳಿ.