ಎದುರುಬದುರು ಕೂತು ನುಡಿಸಿದ ರೀಲ್

ಐರಿಷ್ ಸಂಗೀತದಲ್ಲಿ ಲೈವ್ ಆಲ್ಬಂ ಒಳ್ಳೆಯದಾ, ಸ್ಟುಡಿಯೋದ್ದಾ? ಉತ್ತರವನ್ನು ರೀಲ್‌ನಿಂದ ಶುರು ಮಾಡೋಣ. ಐರಿಷ್ ರೀಲ್ ಅಂದರೆ ಸಾಮಾನ್ಯವಾಗಿ 32 ಬಾರ್‌ಗಳ (ತಾಳದ ಆವರ್ತದಂಥ ತುಂಡುಗಳ) ಒಂದು ಪುಟ್ಟ ಕುಣಿತದ ಧಾಟಿ. ಅದರಲ್ಲಿ ಎರಡು ಭಾಗ, ಒಂದೊಂದನ್ನೂ ಎರಡು ಸಲ ನುಡಿಸುತ್ತಾರೆ. ಕುಣಿಯುವ ವೇಗದಲ್ಲಿ ಒಂದು ಸುತ್ತಿಗೆ ಸುಮಾರು 35 ಸೆಕೆಂಡ್ ಸಾಕು. ಹಾಗಾಗಿ ಒಂದು ರೀಲನ್ನು ಎರಡು ಮೂರು ಸುತ್ತು ನುಡಿಸಿ, ನಿಲ್ಲಿಸದೆ ಇನ್ನೊಂದಕ್ಕೆ ಜಾರುತ್ತಾರೆ. ಈ ಸಾಲಿಗೆ ಸೆಟ್ ಅನ್ನುತ್ತಾರೆ.

ಈಗ ಗ್ರಾಮಫೋನ್ ಪ್ಲೇಟಿನ ಲೆಕ್ಕ ನೋಡಿ. 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ, ಮೇಲೆ ಸ್ವಲ್ಪ ಚಿಲ್ಲರೆ. ಐದು ಸುತ್ತು ಹಿಡಿದರೆ ಜಾಸ್ತಿ. ಐರ್ಲೆಂಡಿನ ಸ್ಲೈಗೋ ಕಡೆಯಿಂದ ಅಮೆರಿಕಕ್ಕೆ ಹೋದ ಪಿಟೀಲುಗಾರ ಮೈಕಲ್ ಕೋಲ್ಮನ್ ನ್ಯೂಯಾರ್ಕ್‌ನಲ್ಲಿ ನುಡಿಸಿದ್ದು ಇಂಥ ಪ್ಲೇಟುಗಳಿಗೆ. 1934ರಲ್ಲಿ ಅವರು ಟಾರ್ಬೋಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್ ಎಂಬ ಮೂರು ರೀಲ್‌ಗಳನ್ನು ಒಟ್ಟಿಗೆ ಪೋಣಿಸಿದರು. ಇವತ್ತಿಗೂ ಪಬ್ಬಿನಲ್ಲಿ ವಾದಕರು ಒಟ್ಟಿಗೆ ಕೂತು ನುಡಿಸುವ ಸೆಷನ್‌ನಲ್ಲಿ ಯಾರಾದರೂ ಮೊದಲನೆಯದನ್ನು ಎತ್ತಿದರೆ, ಉಳಿದೆರಡು ಅದೇ ಸಾಲಿನಲ್ಲಿ ಬರುತ್ತವೆ. ಪಬ್ಬಿಗೆ ಈ ಸಾಲು ಬಂದದ್ದು ಸ್ಟುಡಿಯೋದಿಂದ! ಆದ್ದರಿಂದ "ಲೈವ್ ಮಾತ್ರ ಅಸಲಿ, ಸ್ಟುಡಿಯೋ ಎಲ್ಲ ಕೃತಕ" ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ನನ್ನದು ಧ್ವನಿಮುದ್ರಣದ ಕೆಲಸ. ಈ ಸಂಗೀತವನ್ನು ಹೊಸದಾಗಿ ಕೇಳುವವರು ಲೈವ್ ಆಲ್ಬಂ ಒಳ್ಳೆಯದಾ, ಸ್ಟುಡಿಯೋದ್ದಾ ಅಂತ ಕೇಳುತ್ತಾರೆ. ನಾನು ಕೇಳುವ ಮರುಪ್ರಶ್ನೆ ಬೇರೆ: ನುಡಿಸಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದ್ದಾರಾ?

ಯಾಕೆ ಅಂದರೆ, ರೀಲ್‌ನ ವೇಗ ಗಡಿಯಾರದ ಹಾಗೆ ಒಂದೇ ಸಮ ಇರುವುದಿಲ್ಲ. ಒಂದು ಧಾಟಿಯಿಂದ ಇನ್ನೊಂದಕ್ಕೆ ಹೋಗುವಾಗ ಪಿಟೀಲುಗಾರ ತಲೆ ಎತ್ತುತ್ತಾನೆ, ಗಿಟಾರ್‌ನವನು ನೋಡುತ್ತಾನೆ, ಎಲ್ಲರೂ ಕೂದಲೆಳೆಯಷ್ಟು ಮುಂದಕ್ಕೆ ವಾಲುತ್ತಾರೆ. ಕೇಳುವವರ ಕಾಲು ಕುಣಿಯುವುದು ಅಲ್ಲೇ. ಸ್ಟುಡಿಯೋದಲ್ಲಿ ಕ್ಲಿಕ್ ಟ್ರ್ಯಾಕ್ (ಕಿವಿಯಲ್ಲಿ ಒಂದೇ ಸಮ ಟಿಕ್ ಟಿಕ್ ಎನ್ನುವ ತಾಳ) ಹಾಕಿದರೆ ಈ ವಾಲುವಿಕೆಗೆ ಜಾಗವೇ ಇಲ್ಲ. ಗಿಟಾರ್ ಇವತ್ತು, ಕೊಳಲು ನಾಳೆ, ಪಿಟೀಲು ಇನ್ನೊಂದು ದಿನ ಅಂತ ಬೇರೆ ಬೇರೆಯಾಗಿ ಹಿಡಿದರೆ ಕೇಳುವುದೇ ಬೇಡ. ಶ್ರುತಿ ಸರಿ, ತಾಳ ಸರಿ, ಕಾಲು ಮಾತ್ರ ಅಲ್ಲಾಡುವುದಿಲ್ಲ.

ಹಾಗಿದ್ದರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಬಹುದಲ್ವಾ? ಕೂರಿಸಬಹುದು, ಆದರೆ ನಿರ್ಮಾಪಕರಿಗೆ ಎದೆ ಡವಡವ. ಪಿಟೀಲಿನ ಮೈಕಿಗೆ ಪೈಪ್ಸ್ (ಐರಿಷ್ ಚೀಲವಾದ್ಯ) ಸದ್ದು ನುಗ್ಗುತ್ತದೆ, ಪೈಪ್ಸ್ ಮೈಕಿಗೆ ಅಕಾರ್ಡಿಯನ್. ಒಬ್ಬರು ಎಡವಿದರೆ ಅವರದ್ದೊಂದನ್ನೇ ತೆಗೆದು ತೇಪೆ ಹಾಕಲು ಆಗುವುದಿಲ್ಲ. ಅದೇ ಧಾಟಿ ಮೂರು ಸಲ ಬರುತ್ತದೆ, ಎರಡನೇ ಸುತ್ತಿನಿಂದ ಒಂದು ತುಂಡು ತಂದು ಮೊದಲನೆಯದಕ್ಕೆ ಅಂಟಿಸೋಣ ಅನ್ನಿಸುತ್ತದೆ. ಅದೂ ಸುಲಭವಲ್ಲ. ಒಳ್ಳೆ ಪಿಟೀಲುಗಾರ ಮೊದಲ ಸುತ್ತಿನಲ್ಲಿ ಒಂದು ಸ್ವರವನ್ನು ರೋಲ್ ಆಗಿ, ಅಂದರೆ ಅಕ್ಕಪಕ್ಕದ ಸ್ವರ ಮುಟ್ಟಿಸಿ, ಸುತ್ತಿಸಿದರೆ, ಎರಡನೇ ಸುತ್ತಿನಲ್ಲಿ ಅಲ್ಲೇ ಕಮಾನಿನಿಂದ ಮೂರು ಸಣ್ಣ ಏಟು ಕೊಡುತ್ತಾನೆ. ವೇಗವೂ ಅಷ್ಟರಲ್ಲಿ ಚೂರು ಏರಿರುತ್ತದೆ. ಕತ್ತರಿ ಹಾಕಿದ ಜಾಗ ತಿಳಿದವರ ಕಿವಿಗೆ ಚುಚ್ಚುತ್ತದೆ. ಸಿಗುವ ದಾರಿ ಒಂದೇ: ಇಡೀ ಸೆಟ್ ಮತ್ತೆ ನುಡಿಸಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುವುದು.

ಸ್ಟುಡಿಯೋದಿಂದ ನಿಜವಾದ ಉಪಕಾರ ಆಗುವುದು ಇಲ್ಲನ್ ಪೈಪ್ಸ್‌ಗೆ. ಇದು ಬಾಯಲ್ಲಿ ಊದುವ ವಾದ್ಯ ಅಲ್ಲ. ತೋಳಿನ ಕೆಳಗಿನ ತಿದಿಯಿಂದ ಗಾಳಿ ತುಂಬುತ್ತಾರೆ, ಅದು ಒಣಗಾಳಿ. ಒಳಗೆ ಸದ್ದು ಹುಟ್ಟಿಸುವ ರೀಡ್‌ಗಳು ಬೆತ್ತದಂಥ ತೆಳು ಕಡ್ಡಿಯವು. ಕೋಣೆಯ ತೇವ ಬದಲಾದರೆ ಶ್ರುತಿಯೂ ಅಲುಗುತ್ತದೆ. ವೇದಿಕೆಯ ದೀಪದ ಶಾಖಕ್ಕೆ ಸಿಕ್ಕಿದ ಪೈಪರ್ ಪಾಡು ಹೇಳತೀರದು. ಜೊತೆಗೆ, ಸದ್ದು ಒಂದೇ ಕಡೆಯಿಂದ ಹೊರಡುವುದಿಲ್ಲ. ಧಾಟಿ ನುಡಿಸುವ ಚಾಂಟರ್ ಒಂದು ಕಡೆ, ಶ್ರುತಿ ಹಿಡಿಯುವ ಡ್ರೋನ್‌ಗಳು ಇನ್ನೊಂದು ಕಡೆ, ಜೊತೆಸ್ವರ ಕೂಡಿಸಲು ಮಣಿಕಟ್ಟಿನಿಂದ ಒತ್ತುವ ರೆಗ್ಯುಲೇಟರ್‌ಗಳು ತೊಡೆಯ ಮೇಲೆ. ಒಂದು ಮೈಕ್ ಸಾಲದು. ಸ್ಟುಡಿಯೋದಲ್ಲಿ ಎರಡು ಮೂರು ಮೈಕ್ ಇಟ್ಟು, ರೀಡ್ ಹದಕ್ಕೆ ಬರುವ ತನಕ ಕಾಯಬಹುದು. ಪೈಪ್ಸ್‌ನ ಒಳಗಿನ ಗುಂಯ್ ಎನ್ನುವ ತುಂಬುಸದ್ದು ಬೇಕಾದವರು ಧೈರ್ಯವಾಗಿ ಸ್ಟುಡಿಯೋ ಆಲ್ಬಂ ತಗೊಳ್ಳಿ.

ಲೈವ್ ಗೆಲ್ಲುವುದು ಕುಣಿಯುವವರು ಎದುರಿಗೆ ಇದ್ದಾಗ. ಕಾರ್ಕ್ ಜಿಲ್ಲೆಯ ನಾಕ್ನಗ್ರೀ ಊರಿನ ಪಬ್ಬಿನಲ್ಲಿ ಟೋನಿ ಮ್ಯಾಕ್‌ಮಾನ್ ಅಕಾರ್ಡಿಯನ್, ನೋಯೆಲ್ ಹಿಲ್ ಕನ್ಸರ್ಟೀನಾ (ಅಕಾರ್ಡಿಯನ್ನಿನ ಪುಟ್ಟ ತಂಗಿಯಂಥ ವಾದ್ಯ) ನುಡಿಸಿದ ರೆಕಾರ್ಡಿಂಗ್ 1985ರಲ್ಲಿ ಬಂತು. ಸೆಟ್ ಡಾನ್ಸ್ (ಜೋಡಿಗಳು ಗುಂಪಾಗಿ ಕುಣಿಯುವ ಕುಣಿತ) ಮಾಡುವವರ ಬೂಟಿನ ಸದ್ದು ಉದ್ದಕ್ಕೂ ಕೇಳುತ್ತದೆ. ಅಲ್ಲಿ ತಾಳವಾದ್ಯ ಅಂದರೆ ಆ ನೆಲವೇ. ಕಾಲು ಒತ್ತಿದಷ್ಟು ವಾದ್ಯ ಒತ್ತುತ್ತದೆ, ಕಾಲು ಹಗುರಾದರೆ ವಾದ್ಯವೂ ಹಗುರ. ಇದನ್ನು ಸ್ಟುಡಿಯೋದಲ್ಲಿ ಹುಟ್ಟಿಸಲು ಆಗುವುದಿಲ್ಲ. ನನ್ನನ್ನು ಕೇಳಿದರೆ, ಈ ಸಂಗೀತದ ಒಂದೇ ಒಂದು ಲೈವ್ ಆಲ್ಬಂ ಹೆಸರು ಹೇಳಿ ಅಂದಾಗ ನಾನು ಹೇಳುವುದು ಇದನ್ನೇ.

ಗಾಲ್ವೇಯ ಅಕಾರ್ಡಿಯನ್ ವಾದಕ ಜೋ ಕೂಲಿ ಅವರದ್ದು ಇನ್ನೊಂದು ಕಥೆ. ಅಮೆರಿಕದಿಂದ ಹಿಂತಿರುಗಿದ ಅವರನ್ನು ಹುಟ್ಟೂರು ಪೀಟರ್ಸ್‌ವೆಲ್‌ನ ಬಾರ್‌ನಲ್ಲಿ ರೆಕಾರ್ಡ್ ಮಾಡಿದರು. 1973ರಲ್ಲಿ ಅವರು ತೀರಿಕೊಂಡರು. 1975ರಲ್ಲಿ ಗೇಲ್ ಲಿನ್ ಸಂಸ್ಥೆ ತಂದ ಎಲ್‌ಪಿಯ (ಹೆಚ್ಚು ಹೊತ್ತು ಓಡುವ ಪ್ಲೇಟಿನ) ಜೀವಾಳ ಆ ಬಾರ್‌ನ ರೆಕಾರ್ಡಿಂಗೇ. ಗದ್ದಲ ಇದೆ, ಕೂಗು ಇದೆ. ಧ್ವನಿ ಗುಣಮಟ್ಟಕ್ಕೆ ನಾನು ಜಾಸ್ತಿ ಅಂಕ ಕೊಡುವುದಿಲ್ಲ, ಆದರೂ ಪದೇ ಪದೇ ಹಾಕುತ್ತೇನೆ.

ಕೂತು ಕೇಳುವ ಕಛೇರಿಯ ರೆಕಾರ್ಡಿಂಗ್‌ನಲ್ಲಿ ಲಾಭ ಬೇರೆ: ಉದ್ದ. ಪಿಟೀಲಿನ ಮಾರ್ಟಿನ್ ಹೇಯ್ಸ್ ಮತ್ತು ಗಿಟಾರಿನ ಡೆನಿಸ್ ಕಾಹಿಲ್ ಜೋಡಿಯ ಸಿಯಾಟಲ್ ಲೈವ್ ಆಲ್ಬಂ 1999ರದ್ದು. ಅದರಲ್ಲಿ ಒಂದೇ ಸೆಟ್ ಸುಮಾರು 28 ನಿಮಿಷ ಇದೆ. ನಿಧಾನವಾಗಿ, ಹೆಚ್ಚುಕಡಿಮೆ ಪಿಸುಮಾತಿನ ಹಾಗೆ ಶುರುವಾಗಿ, ಧಾಟಿಯಿಂದ ಧಾಟಿಗೆ ಕಾವೇರುತ್ತದೆ. ಕೋಲ್ಮನ್ ಕಾಲದ ಪ್ಲೇಟಿನಲ್ಲಾದರೆ ಇದಕ್ಕೆ ಒಂಬತ್ತು ಬದಿ ಬೇಕಿತ್ತು. ಒಂದು ಎಲ್‌ಪಿ ಬದಿಗೂ ಇದು ಹಿಡಿಯುವುದು ಕಷ್ಟ.

ಚಪ್ಪಾಳೆ ಕೇಳಿಸಿತು ಅಂತ ಸುಮ್ನೆ ನಂಬಬೇಡಿ. ಎಷ್ಟೋ ಲೈವ್ ಆಲ್ಬಂಗಳನ್ನು ಆಮೇಲೆ ಸ್ಟುಡಿಯೋದಲ್ಲಿ ತಿದ್ದುತ್ತಾರೆ. ವಾದ್ಯಕ್ಕೆ ಅಂಟಿಸಿದ ಪಿಕಪ್‌ನಿಂದ ನೇರ ಹಿಡಿದಿದ್ದರೆ ಪಿಟೀಲು ತಗಡಿನ ಹಾಗೆ ಕೇಳುತ್ತದೆ, ಸಭಾಂಗಣದ ಗಾಳಿ ಅದರಲ್ಲಿ ಇರುವುದೇ ಇಲ್ಲ. ಇನ್ನೊಂದು ಕಡೆ, ಗಾಯಕ ಕ್ರಿಸ್ಟಿ ಮೂರ್ ಅವರ 1972ರ 'ಪ್ರಾಸ್ಪರಸ್' ನೋಡಿ. ಕಿಲ್ಡೇರ್ ಜಿಲ್ಲೆಯ ಒಂದು ಹಳೇ ಮನೆಯ ನೆಲಮಾಳಿಗೆಯಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು ಮಾಡಿದ ಆಲ್ಬಂ ಅದು. ಕಛೇರಿಯೂ ಅಲ್ಲ, ಸ್ಟುಡಿಯೋವೂ ಅಲ್ಲ. ಆ ಗುಂಪಿನಿಂದಲೇ ಪ್ಲಾಂಕ್ಸ್‌ಟಿ ಎಂಬ ಐರಿಷ್ ಜನಪದ ಬ್ಯಾಂಡ್ ಹುಟ್ಟಿತು.

ಹಾಗಾಗಿ ಆಲ್ಬಂ ಕೈಗೆ ಬಂದಾಗ ಹಿಂಬದಿಯ ಸಣ್ಣಕ್ಷರ ಓದಿ: ಎಲ್ಲಿ ಮುದ್ರಿಸಿದರು, ಎಷ್ಟು ದಿನದಲ್ಲಿ. ಒಂದೇ ಕೋಣೆ, ಎರಡು ಮೂರು ದಿನ ಅಂತ ಇದ್ದರೆ ಒಳ್ಳೆಯ ಗುರುತು. ಒಬ್ಬರೇ ನಾಲ್ಕೈದು ವಾದ್ಯ ನುಡಿಸಿದ್ದಾರೆ ಅಂತಿದ್ದರೆ ಎದುರುಬದುರು ಕೂರಲು ಅಲ್ಲಿ ಇನ್ನೊಬ್ಬರು ಇರಲಿಲ್ಲ ಅಂತಲೇ ಅರ್ಥ. ದುಡ್ಡು ಕೊಡುವ ಮೊದಲು ಕಿವಿ ಹದ ಮಾಡಿಕೊಳ್ಳಬೇಕು ಅಂದರೆ, ಡಬ್ಲಿನ್‌ನ ಮೆರಿಯನ್ ಸ್ಕ್ವೇರ್‌ನಲ್ಲಿರುವ ಐರಿಷ್ ಸಾಂಪ್ರದಾಯಿಕ ಸಂಗೀತ ಸಂಗ್ರಹಾಲಯದವರು ಹಳೇ ರೆಕಾರ್ಡಿಂಗ್‌ಗಳನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಕೇಳಿಸುತ್ತಾರೆ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಡ್ರೋನ್ ಸದ್ದು ಅರ್ಧಕ್ಕರ್ಧ ಮಾಯ.